ಹೊಂದಿಕೆಯ ಮಾತು

2025ನೆಯ ಇಸವಿಯ ನವೆಂಬರ 27ನೆಯ ತಾರೀಖಿಗೆ ದಿಲ್ಲಿಯಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಕ್ರಿಕೆಟ್ಟಿನ ದೊಡ್ಡ ಹರಾಜು ನಡೆದು, ವಿಜಯಪುರದ ಎಡಗೈ ಸ್ಪಿನ್ ಬೌಲರರಾದ ರಾಜೇಶ್ವರಿ ಗಾಯಕವಾಡ ಅವರನ್ನು ಗುಜರಾತ ಜಾಯಂಟ್ಸ್ ತಂಡದವರು 40 ಲಕ್ಷ ರೂಪಾಯಿಗೆ ತಮ್ಮ ಕಡೆಗೆ ತೆಗೆದುಕೊಂಡರು. ಅಂದಿನಿಂದ ನಮ್ಮ ಜಿಲ್ಹೆಯಲ್ಲಿ ಎದ್ದ ಚರ್ಚೆಯು ಹರಾಜಿನ ಮಂಟಪದಲ್ಲಿ ಆದುದಕ್ಕಿಂತ ದೊಡ್ಡದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ (ಹೊಸ ತಾಲೂಕುಗಳನ್ನು ಕಡಿದು ತೆಗೆಯುವ ಮೊದಲಿನ ವಿಸ್ತಾರವೇ ನಮ್ಮ ಮನಸ್ಸಿನಲ್ಲಿದೆ) ಚಹದಂಗಡಿಯಲ್ಲಿ, ಬಸ್ಸಿನ ನಿಲ್ದಾಣದಲ್ಲಿ, ಕಚೇರಿಯ ಜಗಲಿಯಲ್ಲಿ, ಕ್ರಿಕೆಟ್ಟನ್ನು ಬಲ್ಲವರೂ ಬಲ್ಲೆವೆಂದುಕೊಂಡವರೂ ಒಂದೇ ಪ್ರಶ್ನೆಯನ್ನು ಹಿಡಿದು ವಾದಿಸಿದರು: ನಮ್ಮ ಜಿಲ್ಹೆಯ ಮಗಳು ಆ ತಂಡಕ್ಕೆ ಹೊಂದುವಳೋ ಇಲ್ಲವೋ?

ಆಟದ ಮಾತಿಗೆ ಈ ಪುಟದಲ್ಲಿ ಇಷ್ಟು ಸ್ಥಳವೇಕೆಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಅವರು ಸ್ವಲ್ಪ ತಾಳಬೇಕೆಂದು ಬೇಡಿಕೊಳ್ಳುತ್ತೇವೆ. ಜನರು ಯಾವ ವಿಷಯದಲ್ಲಿ ತಾವಾಗಿ ಕೂಡಿ, ಲೆಕ್ಕ ಹಾಕಿ, ಎದುರಾಳಿಯ ಮಾತನ್ನೂ ಕೇಳಿ ವಾದಿಸುವರೋ ಆ ವಿಷಯದಲ್ಲಿ ಅವರ ವಿವೇಕದ ಮಟ್ಟವು ಗೊತ್ತಾಗುವದು. ನಾವು ಕೇಳಿದ ವಾದಗಳಲ್ಲಿ ಕೆಲವು ನಿಜವಾಗಿ ಒಳ್ಳೆಯ ವಾದಗಳಾಗಿದ್ದವು. ಅವುಗಳ ಹಿಂದೆ ಅಡಗಿದ್ದ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಅದಕ್ಕೆ ಆಮೇಲೆ ಬರುವೆವು.

ಮೊದಲನೆಯ ಪಕ್ಷದವರದು ಸಿಟ್ಟಿನ ಮಾತು. ಬೆಂಗಳೂರಿನ ಹೆಸರು ಹೊತ್ತ ತಂಡವೊಂದು ಇರುತ್ತ, ಕನ್ನಡ ನೆಲದ ಬೌಲರಳು ಗುಜರಾತಿನ ಅಂಗಿ ತೊಡುವದೇಕೆ? ಈ ಸಿಟ್ಟಿಗೆ ಆಧಾರವಿಲ್ಲದಿಲ್ಲ. ಅದೇ ಹರಾಜಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡಕ್ಕೆ ಎಡಗೈ ಸ್ಪಿನ್ ಬೌಲರಳು ಬೇಕಾಗಿದ್ದಳು. ಅವರು ರಾಧಾ ಯಾದವರನ್ನು 65 ಲಕ್ಷ ರೂಪಾಯಿಗೆ ಕೊಂಡರು. ಹಾಗಾದರೆ ಬೇಕಾದ ಸರಕು ಅದೇ, ಊರು ಮಾತ್ರ ಬೇರೆಯೆಂದು ಈ ಪಕ್ಷದವರು ಹೇಳುತ್ತಾರೆ. ಈ ನೋವು 2023ರದು. ಆ ವರ್ಷ ಫೆಬ್ರುವರಿ 13ರಂದು ಮುಂಬಯಿಯಲ್ಲಿ ನಡೆದ ಮೊತ್ತಮೊದಲಿನ ಹರಾಜಿನಲ್ಲಿಯೂ ಬೆಂಗಳೂರಿನವರು ಸ್ಮೃತಿ ಮಂಧಾನಾ ಒಬ್ಬರಿಗೇ 3 ಕೋಟಿ 40 ಲಕ್ಷ ಸುರಿದರು; ರಾಜೇಶ್ವರಿಯವರನ್ನು 40 ಲಕ್ಷಕ್ಕೆ ಉತ್ತರಪ್ರದೇಶದ ಯು.ಪಿ. ವಾರಿಯರ್ಸ್ ತಂಡದವರು ಒಯ್ದರು. ಮುಂದಿನ ತಿಂಗಳು 10ನೆಯ ತಾರೀಖಿಗೆ ಮುಂಬಯಿಯ ಬ್ರೆಬೋರ್ನ್ ಮೈದಾನದಲ್ಲಿ ಈ ಎರಡೂ ತಂಡಗಳು ಎದುರಾದಾಗ, ಆ 3 ಕೋಟಿ 40 ಲಕ್ಷದ ನಾಯಕಿಯನ್ನು ಕೇವಲ 4 ಓಟಗಳಿಗೆ ಹಿಂದಕ್ಕೆ ಕಳಿಸಿದವರು ನಮ್ಮ ವಿಜಯಪುರದ ರಾಜೇಶ್ವರಿಯವರೇ. ಬೆಂಗಳೂರು 138ಕ್ಕೆ ಮುಗಿಯಿತು, ಹತ್ತು ವಿಕೆಟ್ಟುಗಳಿಂದ ಸೋತಿತು. ಆ ಸಂಜೆ ನಮ್ಮ ಜಿಲ್ಹೆಯ ಎಷ್ಟೋ ಮನೆಗಳಲ್ಲಿ ಯಾವ ಕಡೆಗೆ ಚಪ್ಪಾಳೆ ತಟ್ಟಬೇಕೆಂಬುದೇ ತಿಳಿಯದೆ ಹೋಗಿರಬೇಕು.

ಆದರೆ ಸಿಟ್ಟಿನ ಮಾತು ನ್ಯಾಯದ ಮಾತು ಆಗಬೇಕಾದರೆ ಇನ್ನೊಂದು ಮೆಟ್ಟಲು ಏರಬೇಕು. ಬೆಂಗಳೂರಿನ ತಂಡವು ಕರ್ನಾಟಕದ ತಂಡವಲ್ಲ. ಅದು 901 ಕೋಟಿ ರೂಪಾಯಿಗೆ ಕೊಂಡ ಒಂದು ವ್ಯಾಪಾರ. ಹಣ ಹಾಕಿದವನು ಊರ ಹೆಸರನ್ನು ಫಲಕಕ್ಕೆ ಬರೆಯುವನು; ಊರಿನ ಋಣವನ್ನು ತಲೆಯ ಮೇಲೆ ಹೊರುವ ಕರಾರನ್ನು ಅವನು ಎಲ್ಲಿಯೂ ಬರೆದುಕೊಟ್ಟಿಲ್ಲ. ಈ ಪಾಠವನ್ನು ನಾವು ಮೊದಲೇ ಕಲಿಯಬೇಕಾಗಿತ್ತು. ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬಿಜಾಪುರ ಬುಲ್ಸ್ ಎಂಬ ತಂಡವಿತ್ತು. 2015ರಲ್ಲಿಯೂ 2018ರಲ್ಲಿಯೂ ಅದು ಪ್ರಶಸ್ತಿ ಗೆದ್ದಿತು. ಹೆಸರು ನಮ್ಮದು, ಪಂದ್ಯಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ. 2022ರಲ್ಲಿ ಹೊಸ ಮಹಾರಾಜಾ ಟ್ರೋಫಿಯು ಆರು ತಂಡಗಳೊಂದಿಗೆ ಆರಂಭವಾದಾಗ ನಮ್ಮ ಹೆಸರೂ ಫಲಕದಿಂದ ಇಳಿಯಿತು. ಗೆದ್ದಾಗ ಗುಲಾಲು ಎರಚಿದ ನಮ್ಮ ತರುಣರು ಇಳಿದಾಗ ಕೇಳಲೂ ಇಲ್ಲ.

ಎರಡನೆಯ ಪಕ್ಷದವರು ಆಟವನ್ನು ಬಲ್ಲವರು. ಅವರ ಮಾತು ನಮಗೆ ಹೆಚ್ಚು ರುಚಿಸಿತು. ಅವರ ಶಂಕೆಯು ಬೆಂಗಳೂರಿನದಲ್ಲ, ಗುಜರಾತಿನದೇ. ಗುಜರಾತಿನವರ ಹತ್ತಿರ ಅದೇ ಎಡಗೈ ಸ್ಪಿನ್ನಿನ ತನುಜಾ ಕಂವರ ಇದ್ದಾರೆ. ಅವರನ್ನು ಅದೇ ದಿನ 45 ಲಕ್ಷ ಕೊಟ್ಟು ಮರಳಿ ತಂದರು. ಬಲಗೈ ಆಫ್ ಸ್ಪಿನ್ನಿಗೆ ಆಶ್ಲೆ ಗಾರ್ಡನರ್, ಲೆಗ್ ಸ್ಪಿನ್ನಿಗೆ ಜಾರ್ಜಿಯಾ ವೇರ್‌ಹಮ್. ಈ ಇಬ್ಬರು ಆಸ್ಟ್ರೇಲಿಯದವರು ಬ್ಯಾಟನ್ನೂ ಬೀಸಬಲ್ಲವರು. ಇಪ್ಪತ್ತು ಓವರುಗಳ ಆಟದಲ್ಲಿ ಒಬ್ಬ ಬೌಲರಿಗೆ ನಾಲ್ಕು ಓವರುಗಳಿಗಿಂತ ಹೆಚ್ಚಿಗೆ ಸಿಗುವದಿಲ್ಲ. ಐವರು ಸಾಕು, ಆರನೆಯವರಿದ್ದರೆ ಒಳ್ಳೆಯದು, ಏಳನೆಯವರು ಕುರ್ಚಿಯ ಮೇಲೆ. ಹೀಗಿರುವಾಗ ಒಂದೇ ತಂಡದಲ್ಲಿ ಒಂದೇ ಬಗೆಯ ಇಬ್ಬರು ಏತಕ್ಕೆ? ಒಂದೇ ಗಾಡಿಗೆ ಎರಡು ಎಡಗೋಲೆತ್ತುಗಳನ್ನು ಕಟ್ಟಿದಂತೆ ಆಗಲಿಲ್ಲವೇ ಎಂದು ಅವರು ಕೇಳುತ್ತಾರೆ.

ಒಳ್ಳೆಯ ಪ್ರಶ್ನೆ. ಇದರ ಉತ್ತರವನ್ನು ರಾಜೇಶ್ವರಿಯವರ ಆಟದ ಚರಿತ್ರೆಯಲ್ಲಿಯೇ ಹುಡುಕಬೇಕು. ಯಾಕೆಂದರೆ ಎರಡನೆಯ ಎಡಗೋಲೆತ್ತಿನ ಪಾಲು ಅವರಿಗೆ ಹೊಸದಲ್ಲ. 2017ರ ವಿಶ್ವಕಪ್ಪಿನಲ್ಲಿ ಭಾರತದ ತಂಡದಲ್ಲಿ ಎಡಗೈ ಸ್ಪಿನ್ನಿನ ಏಕತಾ ಬಿಷ್ಟ ಇದ್ದರು. ಜುಲೈ 2ರಂದು ಇಂಗ್ಲಂಡದ ಡರ್ಬಿ ಮೈದಾನದಲ್ಲಿ ಅವರು ಪಾಕಿಸ್ತಾನದ ಐದು ವಿಕೆಟ್ಟುಗಳನ್ನು ಕೇವಲ 18 ಓಟಗಳಿಗೆ ಕೆಡವಿದರು. ಇಂಥವರಿರುವಾಗ ನಮ್ಮವರಿಗೆ ಸ್ಥಾನವೆಲ್ಲಿ? ಪಂದ್ಯದ ಮೇಲೆ ಪಂದ್ಯ ಅವರು ಹೊರಗೆ ಕುಳಿತರು. ಜುಲೈ 15ಕ್ಕೆ ಅದೇ ಡರ್ಬಿಯಲ್ಲಿ ನ್ಯೂಝೀಲಂಡದ ಮೇಲೆ, ಸೋತರೆ ಮನೆಗೆ ಎಂಬ ಪಂದ್ಯ. ಆ ದಿನ ಬಿಷ್ಟರನ್ನು ಬಿಟ್ಟು ರಾಜೇಶ್ವರಿಯವರನ್ನು ಇಳಿಸಿದರು. ಮಿತಾಲಿ ರಾಜ ಅವರ 109 ಓಟಗಳ ಬಲದಿಂದ ಭಾರತವು 265 ಮಾಡಿತ್ತು. ನ್ಯೂಝೀಲಂಡವು 79ಕ್ಕೆ ಮುಗಿಯಿತು. ರಾಜೇಶ್ವರಿಯವರಿಗೆ 15 ಓಟಗಳಿಗೆ ಐದು ವಿಕೆಟ್ಟು. ಆ ಪಂದ್ಯಾವಳಿಯಲ್ಲಿ ಅದು ಅವರ ಮೊದಲನೆಯ ಪಂದ್ಯ.

ಎಡಗೈ ಸ್ಪಿನ್ನಿನ ಗುಟ್ಟೇನೆಂಬುದನ್ನು ಆಟ ಬಲ್ಲದ ವಾಚಕರಿಗಾಗಿ ಎರಡು ಮಾತಿನಲ್ಲಿ ಹೇಳುವೆವು. ಈ ಚೆಂಡು ನೆಲಕ್ಕೆ ಬಿದ್ದ ಮೇಲೆ ಬಲಗೈ ಬ್ಯಾಟುಗಾರ್ತಿಯಿಂದ ದೂರಕ್ಕೆ ಸರಿಯುವದು. ಬೆನ್ನಟ್ಟಿ ಹೊಡೆಯ ಹೋದವಳ ಬ್ಯಾಟಿನ ಅಂಚಿಗೆ ತಾಕುವದು. ಜಗತ್ತಿನಲ್ಲಿ ಬಲಗೈಯವರೇ ಹೆಚ್ಚಾದುದರಿಂದ ಈ ಬೌಲಿಂಗಿಗೆ ಬೆಲೆ. ಎಡಗೈ ಬ್ಯಾಟುಗಾರ್ತಿಗೆ ಅದೇ ಚೆಂಡು ಒಳಕ್ಕೆ ಬರುವದರಿಂದ ಹೊಡೆಯುವದಕ್ಕೆ ಸುಲಭವೆಂದು ರೂಢಿಯ ಮಾತುಂಟು. ಅದಕ್ಕಾಗಿ ಎಡಗೈಯವರು ಆಡುತ್ತಿದ್ದರೆ ನಾಯಕರು ಇಂಥ ಬೌಲರರನ್ನು ಮುಚ್ಚಿಡುವರು. ಮಂಧಾನಾ ಎಡಗೈಯವರು. ಬ್ರೆಬೋರ್ನಿನಲ್ಲಿ ಆದುದನ್ನು ಮೇಲೆ ಹೇಳಿದೆವು. ಹೀಗೆ ಕಾಗದದ ಮೇಲಿನ ಹೊಂದಿಕೆಯು ಒಂದು, ಮಣ್ಣಿನ ಮೇಲಿನದು ಇನ್ನೊಂದು.

ಯು.ಪಿ. ತಂಡದಲ್ಲಿಯೂ ಸ್ಥಿತಿಯು ಇದೇ ಆಗಿತ್ತು. ಜಗತ್ತಿನ ಮೇಲ್ಪಂಕ್ತಿಯ ಎಡಗೈ ಸ್ಪಿನ್ ಬೌಲರಳಾದ ಇಂಗ್ಲಂಡದ ಸೋಫಿ ಎಕಲ್‌ಸ್ಟನ್‌ಗೆ 1 ಕೋಟಿ 80 ಲಕ್ಷ, ದೀಪ್ತಿ ಶರ್ಮಾರಿಗೆ 2 ಕೋಟಿ 60 ಲಕ್ಷ ಕೊಟ್ಟ ಮೇಲೆ, ಮೂರನೆಯ ಸ್ಪಿನ್ನಿಗೆಂದು ನಮ್ಮವರನ್ನು ಕರೆದುಕೊಂಡರು. ಎಕಲ್‌ಸ್ಟನ್ 2023ರಲ್ಲಿ 16 ವಿಕೆಟ್ಟು ಪಡೆದು ಎಲ್ಲರಿಗೂ ಮುಂದೆ ಇದ್ದವರಲ್ಲಿ ಒಬ್ಬರಾದರು; ನಮ್ಮವರ ಹೆಸರು ದೊಡ್ಡ ಅಕ್ಷರದಲ್ಲಿ ಅಚ್ಚಾಗಲಿಲ್ಲ. ಆದರೆ ಒಂದು ತುದಿಯಿಂದ ಓಟಗಳನ್ನು ಬಿಗಿಹಿಡಿದಾಗಲೇ ಇನ್ನೊಂದು ತುದಿಯಲ್ಲಿ ಅವಸರಪಟ್ಟು ವಿಕೆಟ್ಟು ಬೀಳುವವು. ಆಣೆಕಟ್ಟಿನ ಬಾಗಿಲು ಕಾಯುವವನ ಹೆಸರನ್ನು ಬೆಳೆಯ ರಾಶಿಯ ಮೇಲೆ ಯಾರೂ ಬರೆಯುವದಿಲ್ಲವೆಂಬುದನ್ನು ಆಲಮಟ್ಟಿಯ ನೀರು ಕುಡಿಯುವ ಬಾಗೇವಾಡಿ, ಮುದ್ದೇಬಿಹಾಳದ ರೈತರಿಗೆ ನಾವು ತಿಳಿಸಿ ಹೇಳಬೇಕಾದುದಿಲ್ಲ.

ಮೂರನೆಯ ಪಕ್ಷದ ಮಾತು ಕಠಿಣ. ಹೆಚ್ಚಾಗಿ ಹಿರಿಯರ ಬಾಯಿಂದಲೇ ಬಂದ ಮಾತು. ರಾಜೇಶ್ವರಿಯವರು 1991ರ ಜೂನ 1ರಂದು ಹುಟ್ಟಿದವರು. ಹರಾಜಿನ ದಿನಕ್ಕೆ 34 ವರ್ಷ. ರಾಧಾ ಯಾದವರಿಗೆ ಅಂದು 25. ರಾಧಾರ ಕ್ಷೇತ್ರರಕ್ಷಣೆಯನ್ನು ಹೊಗಳದವರಿಲ್ಲ. ಬ್ಯಾಟನ್ನೂ ಅವರು ಕೆಲಮಟ್ಟಿಗೆ ಬೀಸಬಲ್ಲರು. ನಮ್ಮವರದು ಹನ್ನೊಂದನೆಯ ಸ್ಥಾನ. 2017ರ ಜುಲೈ 23ರಂದು ಲಾರ್ಡ್ಸ್ ಮೈದಾನದಲ್ಲಿ ಭಾರತವು ವಿಶ್ವಕಪ್ಪನ್ನು 9 ಓಟಗಳಿಂದ ಕಳೆದುಕೊಂಡಾಗ ಕಡೆಯ ವಿಕೆಟ್ಟು ಬಿದ್ದುದು ಅವರದೇ. ಅದನ್ನು ನೆನೆಸಿದರೆ ಇಂದಿಗೂ ಗಂಟಲು ಕಟ್ಟುವದು. 2025ರ ನವೆಂಬರ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕೆಯನ್ನು 52 ಓಟಗಳಿಂದ ಸೋಲಿಸಿ ಭಾರತದ ಹೆಣ್ಣುಮಕ್ಕಳು ಕೊನೆಗೂ ಆ ಕಪ್ಪನ್ನು ತಂದಾಗ, ತಂಡದ ಎಡಗೈ ಸ್ಪಿನ್ನಿನ ಸ್ಥಾನಗಳು ಕಡಪೆಯ ಕಡೆಯ ಶ್ರೀ ಚರಣಿ ಹಾಗೂ ರಾಧಾ ಯಾದವರವಾಗಿದ್ದವು. ಆ ಶ್ರೀ ಚರಣಿಗೆ ಇದೇ ಹರಾಜಿನಲ್ಲಿ ದಿಲ್ಲಿಯವರು 1 ಕೋಟಿ 30 ಲಕ್ಷ ಕೊಟ್ಟರು. ಕಾಲವು ಯಾರಿಗೂ ನಿಲ್ಲುವದಿಲ್ಲವೆಂದು ಹಿರಿಯರು ಹೇಳಿದರೆ ಅವರ ಮೇಲೆ ಸಿಟ್ಟಾಗಬಾರದು.

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇವೆ. ಬೆಂಗಳೂರಿನವರು ರಾಧಾರನ್ನು ಕೊಂಡುದು ಅನ್ಯಾಯವಲ್ಲ. 15 ಕೋಟಿಯ ಗಂಟಿನಲ್ಲಿ ಇಡೀ ತಂಡವನ್ನು ಕಟ್ಟಬೇಕಾದವನು ಮುಂದಿನ ವರ್ಷಗಳ ಲೆಕ್ಕವನ್ನೂ ಹಾಕುವನು. ಅದು ಅವನ ಕೆಲಸ. ಗುಜರಾತಿನವರು ರಾಜೇಶ್ವರಿಯವರನ್ನು ಕೊಂಡುದು ದಾನವೂ ಅಲ್ಲ. ಮಂದಗತಿಯ ಮಣ್ಣಿನ ಅಂಕಣಗಳಲ್ಲಿ ಇಬ್ಬರು ಎಡಗೈಯವರನ್ನು ಎರಡೂ ತುದಿಗಳಿಂದ ಬಿಡಬಹುದು. ಒಬ್ಬರಿಗೆ ಗಾಯವಾದರೆ ಇನ್ನೊಬ್ಬರು ಅಭ್ಯಾಸವಿಲ್ಲದ ಹುಡುಗಿಯಾಗಿರದೆ, 2014ರಿಂದ ದೇಶಕ್ಕಾಗಿ ಆಡಿದವರಾಗಿರುವರು. 40 ಲಕ್ಷಕ್ಕೆ ಇಷ್ಟು ಅನುಭವವು ಎಲ್ಲಿ ಸಿಕ್ಕೀತು? ಆದುದರಿಂದ ಅವರು ಆ ತಂಡಕ್ಕೆ ಹೊಂದುವರೆಂದೇ ನಮ್ಮ ತೀರ್ಪು. ಪ್ರತಿ ಪಂದ್ಯಕ್ಕಲ್ಲ, ಬೇಕಾದ ಪಂದ್ಯಕ್ಕೆ. ಡರ್ಬಿಯಲ್ಲಿಯೂ ಅವರು ಹೊಂದಿದುದು ಹಾಗೆಯೇ.

ಈಗ ಯಾರೂ ಕೇಳದ ಆ ಪ್ರಶ್ನೆ. ಶ್ರೀ ಚರಣಿಯ ಹೆಸರು ಬಂದಾಗ ಕಡಪೆಯವರು ಹಿಗ್ಗಿದರು. ಬೆಂಗಳೂರು ತಂಡದಲ್ಲಿ ಕನ್ನಡದ ಶ್ರೇಯಾಂಕಾ ಪಾಟೀಲರು 2024ರ ಅಂತಿಮ ಪಂದ್ಯದಲ್ಲಿ 12 ಓಟಗಳಿಗೆ ನಾಲ್ಕು ವಿಕೆಟ್ಟು ತೆಗೆದು ತಂಡಕ್ಕೆ ಕಪ್ಪು ಗೆದ್ದುಕೊಟ್ಟಾಗ ನಾವೆಲ್ಲ ಹಿಗ್ಗಿದೆವು. ಆದರೆ ವಿಜಯಪುರ ಜಿಲ್ಹೆಯವರು ಚರ್ಚೆಗೆ ಕುಳಿತರೆ 2014ರಲ್ಲಿಯೂ ಒಂದೇ ಹೆಸರು, 2017ರಲ್ಲಿಯೂ ಅದೇ ಹೆಸರು, 2023ರಲ್ಲಿಯೂ 2025ರಲ್ಲಿಯೂ ಅದೇ. ಇಂಡಿಯಿಂದ ಒಬ್ಬಳು, ಸಿಂದಗಿಯಿಂದ ಒಬ್ಬಳು, ಮುದ್ದೇಬಿಹಾಳದಿಂದ, ಬಾಗೇವಾಡಿಯಿಂದ ಒಬ್ಬೊಬ್ಬಳು ಭಾರತದ ತಂಡದ ಹೊಸ್ತಿಲು ಮುಟ್ಟಿದಳೆಂದು ಹೇಳುವದಕ್ಕೆ ನಮಗೆ ಹೆಸರಿಲ್ಲ. 34 ವರ್ಷದವಳು ಹೊಂದುವಳೋ ಇಲ್ಲವೋ ಎಂದು ಇಷ್ಟು ಬಿಸಿಯಾಗಿ ವಾದಿಸಬೇಕಾಗಿ ಬಂದುದು ಅವಳ ಹಿಂದೆ 19ರವಳು ಯಾರೂ ನಿಂತಿಲ್ಲವಾದುದರಿಂದಲ್ಲವೇ?

ರಾಜೇಶ್ವರಿಯವರು ಹೇಗೆ ಬಂದರು? ಶಾಲಾಶಿಕ್ಷಕರ ಮಗಳು. ಬೇರೆ ಆಟಗಳಲ್ಲಿ ಪಳಗಿ ತಡವಾಗಿ ಕ್ರಿಕೆಟ್ಟಿಗೆ ಬಂದವರು. ಭಾರತದ ತಂಡಕ್ಕೆ ಸೇರಿದ ವರ್ಷವೇ ತಂದೆಯನ್ನು ಕಳೆದುಕೊಂಡರು. 2017ರ ವಿಶ್ವಕಪ್ಪಿನ ತರುವಾಯ ಆಗಿನ ಸಚಿವರೊಬ್ಬರು ಅವರಿಗೆ ಕಾರೊಂದನ್ನು ಬಹುಮಾನವಾಗಿ ಕೊಡಮಾಡಿದಾಗ, ತಮ್ಮ ಕುಟುಂಬಕ್ಕೆ ಕಾರಿಗಿಂತ ಮನೆಯ ಅವಶ್ಯಕತೆಯು ಹೆಚ್ಚೆಂದು ಅವರು ಹೇಳಿದುದನ್ನು ಅಂದಿನ ಪತ್ರಿಕೆಗಳೆಲ್ಲ ಬರೆದವು. ಕೆಲವರಿಗೆ ಅದು ಒರಟುತನವೆನಿಸಿತು. ನಮಗೆ ಅದು ಲೆಕ್ಕ ಬಲ್ಲ ಮನೆಮಗಳ ಮಾತೆನಿಸಿತು. ಬಹುಮಾನ ಕೊಡುವವನು ತನ್ನ ಭಾವಚಿತ್ರಕ್ಕೆ ಹೊಂದುವದನ್ನು ಕೊಡುವನು. ಪಡೆಯುವವರ ಜೀವನಕ್ಕೆ ಏನು ಹೊಂದುವದೆಂದು ಕೇಳುವ ವಾಡಿಕೆ ನಮ್ಮಲ್ಲಿಲ್ಲ.

ವಿಜಯಪುರ ಪಟ್ಟಣದಲ್ಲಾದರೂ ಹುಡುಗಿಯೊಬ್ಬಳು ಸಂಜೆ ನಡೆದುಕೊಂಡು ಮೈದಾನಕ್ಕೆ ಹೋಗಿ ಬರಬಹುದು. ಬಾಗೇವಾಡಿಯಿಂದ ವಿಜಯಪುರವು ಸುಮಾರು 45 ಕಿಲೋಮೀಟರು, ಮುದ್ದೇಬಿಹಾಳದಿಂದ 80ರ ಹತ್ತಿರ. ಬೆಂಗಳೂರಂತೂ 500 ಕಿಲೋಮೀಟರಿಗೂ ಆಚೆ. ಇದು ಗಂಡು ಹುಡುಗನಿಗೆ ದೂರ. ಹೆಣ್ಣು ಹುಡುಗಿಗೆ ದೂರದ ಜೊತೆಗೆ ಇನ್ನೊಂದು ಲೆಕ್ಕವುಂಟು. ಅವಳೊಡನೆ ಮನೆಯ ಒಬ್ಬರು ಹೋಗಬೇಕು. ಅವರ ಒಂದು ದಿನದ ಕೂಲಿ ಹೋಯಿತು, ಎರಡು ಟಿಕೀಟಿನ ಹಣ ಹೋಯಿತು, ಸಂಜೆಯ ಕಡೆಯ ಬಸ್ಸು ತಪ್ಪಿದರೆ ಊರ ಬಾಯಿಗೆ ಮಾತು ಸಿಕ್ಕಿತು. ಇಂಡಿಯ ಲಿಂಬೆಯ ತೋಟಗಳಲ್ಲಿ ಕಾಯಿ ಆರಿಸುವ ಕೈಗಳಲ್ಲಿ ಹೆಣ್ಣುಮಕ್ಕಳವೂ ಇವೆ. ಸುಗ್ಗಿ ಮುಗಿದ ಮೇಲೆ ಕೆಲಸ ಹುಡುಕಿ ಮಹಾರಾಷ್ಟ್ರಕ್ಕೂ ಗೋವೆಗೂ ಗುಳೆ ಹೋಗುವ ಸಂಸಾರಗಳ ಮಕ್ಕಳು ಶಾಲೆಯನ್ನೇ ನಡುವೆ ಬಿಡುವರು. ಹತ್ತನೆಯ ಇಯತ್ತೆ ಮುಗಿಯುವ ಮೊದಲೇ ಕೆಲವು ಮನೆಗಳಲ್ಲಿ ಲಗ್ನದ ಮಾತು ಹುಟ್ಟುವದು. ಬೌಲಿಂಗಿನ ಕೈ ಕುದುರುವದಕ್ಕೆ ವರ್ಷಗಳು ಬೇಕು. ಆ ವರ್ಷಗಳನ್ನೇ ಇವೆಲ್ಲ ಸೇರಿ ತಿಂದುಬಿಡುತ್ತವೆ. ಸಾವಿರ ಹುಡುಗಿಯರಲ್ಲಿ ಒಬ್ಬಳ ಮಣಿಕಟ್ಟಿನಲ್ಲಿ ಆ ತಿರುವು ಇದ್ದರೆ, ಅದು ಅವಳಿಗೇ ತಿಳಿಯದಂತೆ ಹೋಗುವದು.

ಹಾಗೆಂದು ಇಲ್ಲಿಯ ಮಣ್ಣಿನಲ್ಲಿ ಆಟವೇ ಹುಟ್ಟುವದಿಲ್ಲವೆಂಬ ಮಾತು ಸುಳ್ಳು. ಸೈಕಲ್ಲಿನ ಪಂದ್ಯಗಳಲ್ಲಿ ಈ ಜಿಲ್ಹೆಯ ಹೆಸರು ನಾಡಿಗೆಲ್ಲ ಗೊತ್ತಿದೆ; ಅದರಲ್ಲಿ ಹೆಣ್ಣುಮಕ್ಕಳ ಪಾಲು ಸಣ್ಣದಲ್ಲ. ನೆಟ್ಟಗಿನ ರಸ್ತೆ, ಬಿಸಿಲು, ಹಟ ಇವಿಷ್ಟು ನಮ್ಮಲ್ಲಿ ಧಾರಾಳವಾಗಿದ್ದುವು. ಅವಕ್ಕೆ ತರಬೇತಿ ಕೊಡುವವರೂ ವಸತಿಯೂ ಕೂಡಿದಾಗ ಸವಾರರು ಹುಟ್ಟಿದರು. ಕ್ರಿಕೆಟ್ಟಿಗೆ ಹುಲ್ಲಿನ ಮೈದಾನವೇ ಬೇಕೆಂದು ಕುಳಿತರೆ ಇನ್ನೂ ಮೂವತ್ತು ವರ್ಷ ಕೂಡಬೇಕಾದೀತು. ಒಂದು ಗಟ್ಟಿ ಅಂಕಣ, ಅದರ ಮೇಲೆ ನಾರಿನ ಚಾಪೆ, ಸುತ್ತಲೂ ಬಲೆ, ಒಂದು ಚೀಲ ಚೆಂಡು, ಹುಡುಗಿಯರು ಬಟ್ಟೆ ಬದಲಿಸುವದಕ್ಕೆ ಬಾಗಿಲು ಇರುವ ಒಂದು ಕೋಣೆ: ಇಷ್ಟಕ್ಕೆ ಸರಕಾರಿ ಪ್ರೌಢಶಾಲೆಯ ಬಯಲೂ ಸಾಕು. ಕಡೆಯದನ್ನು ನಾವು ಉದ್ದೇಶಪೂರ್ವಕವಾಗಿ ಸೇರಿಸಿದ್ದೇವೆ. ಮೈದಾನದ ಯೋಜನೆ ಬರೆಯುವ ಅಧಿಕಾರಿಗಳು ಬಹುತೇಕ ಗಂಡಸರಾದುದರಿಂದ ಅದು ಕಾಗದದಲ್ಲಿ ಬಿಟ್ಟುಹೋಗುವದುಂಟು. ಅದು ಇಲ್ಲವಾದರೆ ಉಳಿದುದೆಲ್ಲ ಇದ್ದೂ ತಾಯಂದಿರು ಕಳಿಸುವದಿಲ್ಲ.

ಇದರಲ್ಲಿ ಹೊಣೆ ಯಾರದು? ವ್ಯಾಪಾರದ ತಂಡಗಳದಲ್ಲವೆಂದು ಮೇಲೆಯೇ ಹೇಳಿದೆವು. ಹೊಣೆಯು ರಾಜ್ಯದ ಕ್ರಿಕೆಟ್ ಸಂಸ್ಥೆಯದು. ಅದರ ರಾಯಚೂರು ವಲಯಕ್ಕೆ ನಮ್ಮ ಜಿಲ್ಹೆಯು ಸೇರಿರುವದು. ಹುಡುಗಿಯರ ಆಯ್ಕೆಯ ಪರೀಕ್ಷೆ ಎಲ್ಲಿ ನಡೆಯುವದೋ ಅಲ್ಲಿಗೆ ಬರಬಲ್ಲವರಷ್ಟೇ ಆಯ್ಕೆಯಾಗುವರು. ಬಾರದವರ ಆಟವನ್ನು ನೋಡಿದವರಾರು? ವರುಷಕ್ಕೊಮ್ಮೆ ಆ ಪರೀಕ್ಷೆಯನ್ನು ಈ ನಾಲ್ಕು ಊರುಗಳಲ್ಲಿ ಒಂದಕ್ಕೆ ತಂದರೆ ಸಂಸ್ಥೆಯ ಬೊಕ್ಕಸವು ಬರಿದಾಗದು. ಶಿಕ್ಷಣ ಖಾತೆಯ ತಾಲೂಕಾ ಅಧಿಕಾರಿಗಳು ತಮ್ಮ ದೈಹಿಕ ಶಿಕ್ಷಕರನ್ನು ಜನಗಣತಿ, ಚುನಾವಣೆ, ಪರೀಕ್ಷೆಯ ಕಾವಲು ಮುಂತಾದವುಗಳಿಂದ ಸ್ವಲ್ಪ ಬಿಡಿಸಿ ಮೈದಾನಕ್ಕೆ ಕಳಿಸಿದರೆ, ಯಾವ ಊರಿನಲ್ಲಿ ಯಾವ ಹುಡುಗಿ ಕಲ್ಲು ಬೀಸಿ ಮಾವಿನಕಾಯಿ ಕೆಡವುತ್ತಾಳೆಂಬುದು ಅವರಿಗೇ ಮೊದಲು ತಿಳಿಯುವದು.

ಮತ್ತು ಆ ಚಹದಂಗಡಿಯ ಪಂಡಿತರಿಗೂ ಒಂದು ಮಾತು. ಎಕಲ್‌ಸ್ಟನ್ ಯಾವ ಓವರು ಹಾಕಬೇಕು, ತನುಜಾರ ಜೊತೆಗೆ ರಾಜೇಶ್ವರಿಯವರನ್ನು ಯಾವ ತುದಿಯಿಂದ ಬಿಡಬೇಕು ಎಂದು ಬೆರಳು ಮಡಚಿ ಲೆಕ್ಕ ಹೇಳಬಲ್ಲ ಇವರಲ್ಲಿ ಹಲವರ ಮನೆಗಳಲ್ಲಿಯೇ ಹತ್ತು, ಹನ್ನೆರಡು ವರ್ಷದ ಹುಡುಗಿಯರಿದ್ದಾರೆ. ಸಿಂದಗಿಯಲ್ಲಿ ಇಂಥ ಒಬ್ಬ ಗೃಹಸ್ಥರನ್ನು, ನಿಮ್ಮ ಮಗಳು ಚೆಂಡು ಹಿಡಿದಿದ್ದಾಳೆಯೇ ಎಂದು ನಾವು ಕೇಳಿದೆವು. ಅರ್ಧ ಗಂಟೆಯಿಂದ ಮಾತು ನಿಲ್ಲಿಸದಿದ್ದ ಅವರು ಸುಮ್ಮನಾಗಿ, ಮನೆಯ ಹಿಂದಿನ ಬಯಲಿನಲ್ಲಿ ಅಣ್ಣನ ಜೊತೆಗೆ ಆಡುತ್ತಾಳೆ, ಎಡಗೈಯವಳೇ, ಆದರೆ ನಾನು ನಿಂತು ನೋಡಿದ್ದಿಲ್ಲ ಎಂದರು.